ಬಿಡಿಬಿಡಿಯಾಗಿ ಸಿಕ್ಕ ಜಾವಾ

"ಸುಳ್ಳು ಹೇಳ್ಬೇಡ ಸೆವೆರಿನ್. ಇನ್ನೊಂದು ಸುಳ್ಳು ಬಾಯಿಂದ ಬಿತ್ತೋ, ಈ ಸ್ಪ್ಯಾನರ್ ನಿನ್ನ ಹಲ್ಲಿಗೆ ಬೀಳುತ್ತೆ."

"ಸ್ಪ್ಯಾನರ್ ಕೆಳಗಿಡು ಬೋಗ್ನಾ. ಕೂತ್ಕೊಂಡು ಮಾತಾಡೋಣ."

"ಕೂರೋಕೆ ಬಂದಿಲ್ಲ ನಾನು. ಅದು ಯಾವಾಗಿಂದ ಅಲ್ಲಿ ನೇತಾಡ್ತಿದೆ, ಅಷ್ಟು ಹೇಳು."

ಸ್ಪ್ಯಾನರಿನಿಂದಲೇ ಅವಳು ಮೇಲಕ್ಕೆ ತೋರಿಸಿದಳು. ವರ್ಕ್‌ಶಾಪಿನ ಸೂರಿನಲ್ಲಿ, ಹಳೇ ಟಯರುಗಳ ಹಿಂದೆ, ತೊಲೆಗೆ ಹಗ್ಗದಿಂದ ಬಿಗಿದಿದ್ದ ಒಂದು ಬೈಕಿನ ಚಾಸಿ. ಮುಚ್ಚಿದ್ದ ಕಂಬಳಿಯನ್ನು ಬೋಗ್ನಾ ಆಗಲೇ ಎಳೆದು ನೆಲಕ್ಕೆ ಹಾಕಿದ್ದಳು. ಚಾಸಿಯ ಮೂತಿಗೆ ಅಗಲವಾದ ಹ್ಯಾಂಡಲ್. ಅದರ ಎಡಗಡೆಯ ಹಿಡಿ ಮಾತ್ರ ನಾಲ್ಕು ಬೆರಳಷ್ಟು ಒಳಕ್ಕೆ ಬಾಗಿತ್ತು.

ಪ್ರಪಂಚದಲ್ಲಿ ಅಂಥ ಹ್ಯಾಂಡಲ್ ಇದ್ದದ್ದು ಒಂದೇ. ಬೋಗ್ನಾಳ ಅಪ್ಪ ಲುದ್ವಿಕ್‌ನ ಎಡ ಮೊಣಕೈ ಹರೆಯದಲ್ಲೇ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಕೈ ಪೂರ್ತಿ ಚಾಚಲು ಬರುತ್ತಿರಲಿಲ್ಲ. ನನ್ನ ಕೈ ಹ್ಯಾಂಡಲಿಗೆ ನಿಲುಕದಿದ್ದರೆ ಹ್ಯಾಂಡಲ್ಲೇ ನನ್ನ ಕೈಗೆ ಬರಲಿ ಎಂದು ಅವನು ಪೈಪನ್ನು ಕಾಯಿಸಿ ಬಗ್ಗಿಸಿಕೊಂಡಿದ್ದ. ಆ ಜಾವಾ ಹತ್ತಿ, ಬ್ರೇಕಿಲ್ಲದ, ಒಂದೇ ಗೇರಿನ ಗಾಡಿಯನ್ನು ತಿರುವಿನಲ್ಲಿ ಅಡ್ಡಡ್ಡ ಜಾರಿಸುತ್ತ ಅವನು ಬರುವಾಗ ಇಡೀ ಊರು ಸ್ಪೀಡ್‌ವೇ ರೇಸಿನ ಮೈದಾನದ ಬೆಂಚು ಬಿಟ್ಟು ಎದ್ದು ನಿಲ್ಲುತ್ತಿತ್ತು. ಬಾಯಲ್ಲಿದ್ದ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುವುದನ್ನೂ ಜನ ಮರೆಯುತ್ತಿದ್ದರು.

ಆ ಲುದ್ವಿಕ್‌ನನ್ನು ಮಣ್ಣು ಮಾಡಿದ್ದು ನಿನ್ನೆ.

"ಹೇಳು," ಎಂದಳು ಬೋಗ್ನಾ. "ಯಾವಾಗಿಂದ?"

ಸೆವೆರಿನ್ ತನ್ನ ಕೈಗಳನ್ನು ನೋಡಿಕೊಂಡ. ಗ್ರೀಸ್ ಮೆತ್ತಿದ, ಅಗಲವಾದ, ಒಳ್ಳೆಯ ಕೈಗಳು. ಆ ಕೈಗಳನ್ನು ನೋಡಿಯೇ ಅವಳು ಮನಸ್ಸು ಸೋತಿದ್ದು. ಈಗ ಅವನ್ನು ಕಂಡರೇ ಹೇಸಿಗೆಯಾಯಿತು.

"ವಸಂತದಿಂದ," ಎಂದ.

*

ವಸಂತದಲ್ಲಿ ಅವಳು ಮೊದಲು ಇಲ್ಲಿಗೆ ಬಂದಾಗ ಕೈಯಲ್ಲಿ ಒಂದು ಫೋಟೋ ಇತ್ತು. ಬೇಕರಿಯ ಬೆಳಗಿನ ಪಾಳಿ ಮುಗಿಸಿ ನೇರ ಬಂದಿದ್ದಳು. ರೆಪ್ಪೆಯ ಮೇಲೆ ಹಿಟ್ಟು. ಸೆವೆರಿನ್ ಗಾಡಿಯೊಂದರ ಹೊಟ್ಟೆಯ ಕೆಳಗೆ ಮಲಗಿದ್ದವನು ಅವಳ ಬೂಟುಗಳಿಗೇ ಮಾತಾಡಿದ.

"ಸ್ಕೂಟರ್ ರಿಪೇರಿ ಮಾಡಲ್ಲ ಇಲ್ಲಿ."

"ನನ್ಹತ್ರ ಸ್ಕೂಟರ್ ಇಲ್ಲ. ಅಪ್ಪನ ಜಾವಾ ಹುಡುಕ್ತಿದ್ದೀನಿ. ರೇಸ್ ಕ್ಲಬ್ ಮುಚ್ಚಿದಾಗ ಯಾರ್ಯಾರೋ ಹೊತ್ಕೊಂಡು ಹೋದ್ರಂತೆ."

ಅವನು ಹೊರಗೆ ತೆವಳಿ ಬಂದು, ಫೋಟೋ ಬಿಟ್ಟು ಅವಳನ್ನು ನೋಡಿದ. "ಗಾಡಿ ಹುಡುಕ್ತಿದ್ದೀರೋ, ಗಂಡನ್ನ ಹುಡುಕ್ತಿದ್ದೀರೋ? ಈ ಊರಲ್ಲಿ ಎರಡೂ ಹಳೇದೇ ಸಿಗೋದು."

"ಗಾಡಿ ಸಾಕು. ಅದಕ್ಕೆ ಬ್ರೇಕಿಲ್ಲ ಅಂತ ಮೊದಲೇ ಹೇಳಿರ್ತಾರೆ."

ಅವನು ನಕ್ಕ. ನಕ್ಕಾಗ ಅವನ ಒಂದು ಹುಬ್ಬು ಮಾತ್ರ ಮೇಲೇರುತ್ತಿತ್ತು, ಇನ್ನೊಂದಕ್ಕೆ ನಗು ಇನ್ನೂ ತಲುಪಿಲ್ಲ ಅನ್ನುವ ಹಾಗೆ. ನಲವತ್ತು ಹತ್ತಿರವಾದ, ಒಮ್ಮೆ ಮದುವೆಯಾಗಿ ಮುರಿದುಕೊಂಡು ಅಪ್ಪನ ಮನೆಗೆ ವಾಪಸಾದ ಹೆಂಗಸು ಇಂಥದ್ದನ್ನೆಲ್ಲ ಗಮನಿಸಬಾರದು. ಬೋಗ್ನಾ ಗಮನಿಸಿದಳು.

ಲುದ್ವಿಕ್‌ನ ಹೃದಯ ಸೋಲುತ್ತಿತ್ತು. ಹಾಸಿಗೆಯಿಂದ ಕಿಟಕಿಗೆ ಹೋಗಿ ಬಂದರೆ ಏದುಸಿರು. ಔಷಧಿ ಕೇಳುತ್ತಿರಲಿಲ್ಲ, ಪಾದ್ರಿಯನ್ನೂ ಕೇಳುತ್ತಿರಲಿಲ್ಲ. "ಒಂದ್ಸಲ ಅದರ ಮೇಲೆ ಕೂರ್ಬೇಕು ಕಣೇ," ಎನ್ನುತ್ತಿದ್ದ. "ಓಡ್ಸಲ್ಲ. ಸುಮ್ನೆ ಕೂತು ಹ್ಯಾಂಡಲ್ ಹಿಡ್ಕೋತೀನಿ."

ಅಷ್ಟೇ ಅವನ ಆಸೆ. ಅದಕ್ಕಾಗಿ ಪ್ರತಿ ಭಾನುವಾರ ಸೆವೆರಿನ್‌ನ ವ್ಯಾನು ಅವರ ಮನೆ ಮುಂದೆ ಬಂದು ಹಾರ್ನ್ ಹೊಡೆಯತೊಡಗಿತು.

ಮೊದಲೆರಡು ಭಾನುವಾರ ಏನೂ ಸಿಗಲಿಲ್ಲ. ಮೂರನೆಯದಕ್ಕೆ ಬೀಟ್ರೂಟು ಬೆಳೆಯುವ ಕ್ಲೆಮೆನ್ಸ್ ಅನ್ನುವ ಮುದುಕನ ಕೋಳಿಗೂಡಿನ ಕೆಳಗೆ ಪೆಟ್ರೋಲ್ ಟ್ಯಾಂಕು ಸಿಕ್ಕಿತು. ಹಸಿರು ಬಣ್ಣ, ಬಲಗಡೆ ಮಂಡಿ ತಗುಲಿ ತಗುಲಿ ಬಿದ್ದ ತಗ್ಗು. ಬೋಗ್ನಾ ಕೋಳಿ ಹಿಕ್ಕೆಯ ಮೇಲೆ ಮಂಡಿಯೂರಿ ಅದನ್ನು ಮಗುವಿನಂತೆ ಎತ್ತಿಕೊಂಡಳು.

"ಏನು ರೆಫರಿ, ತೀರ್ಪು ಏನು?" ಎಂದ ಸೆವೆರಿನ್. ಅಂದಿನಿಂದ ಅವಳನ್ನು ಅವನು ಕರೆದದ್ದು ಹಾಗೆಯೇ.

"ಅಪ್ಪನದ್ದೇ."

"ಕೆನ್ನೆ ಮೇಲೆ ಹಿಕ್ಕೆ ಇದೆ."

"ಒರೆಸು ಮತ್ತೆ. ನಂಗೆ ಕೈ ಬಿಡುವಿಲ್ಲ."

ಅವನ ಅಂಗೈ ತುಂಬಾ ಗ್ರೀಸು. ಅದಕ್ಕೇ ಕೈಯನ್ನು ಮಗುಚಿ, ಬೆರಳುಗಳ ಬೆನ್ನಿನಿಂದ ಅವಳ ಕೆನ್ನೆ ಒರೆಸಿದ. ನಿಧಾನವಾಗಿ. ಹಿಕ್ಕೆ ಹೋದ ಮೇಲೂ ಒಂದೆರಡು ಸಲ. ಅವಳು ಟ್ಯಾಂಕನ್ನು ಬಿಗಿಯಾಗಿ ತಬ್ಬಿಕೊಂಡು ಬೀಟ್ರೂಟು ಹೊಲದ ಕಡೆ ನೋಡುತ್ತ ನಿಂತಳು. ಕಣ್ಣಿಗೆ ಯಾವ ಹೊಲವೂ ಕಾಣಲಿಲ್ಲ.

ಅಪ್ಪ ಟ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳ ತೆಗೆದು ಮೂಗು ಹತ್ತಿರ ತಂದ. ತನ್ನ ಜೀವಮಾನವೆಲ್ಲ ಅದರಲ್ಲಿರುವ ಹಾಗೆ ಮೂಸಿದ. ರೇಸಿನ ದಿನಗಳಲ್ಲಿ ಊರಿಗೆ ಊರೇ ಸುಟ್ಟ ಹರಳೆಣ್ಣೆಯ ವಾಸನೆ ಹೊಡೆಯುತ್ತಿತ್ತು. ಆ ಎಂಜಿನ್ನುಗಳಿಗೆ ಹಾಕುತ್ತಿದ್ದ ಎಣ್ಣೆಯೇ ಅದು. ಅವತ್ತು ಅವನು ಹುಳಿಹಿಟ್ಟಿನ ಸೂಪನ್ನು ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡ.

ಆಮೇಲೆ ಬೇಸಿಗೆಯುದ್ದಕ್ಕೂ ಜಾವಾ ಬಿಡಿಬಿಡಿಯಾಗಿ ಬರುತ್ತಲೇ ಹೋಯಿತು. ಕ್ಲಚ್ಚಿನ ಮುಚ್ಚಳ ಒಬ್ಬ ಕ್ಷೌರಿಕನ ಅಂಗಡಿಯಲ್ಲಿ ಬೂದಿ ಬಟ್ಟಲಾಗಿತ್ತು. ಮುಂದಿನ ಚಕ್ರ ಯಾರದೋ ಬಾವಿಯ ಮೇಲೆ ಬಳ್ಳಿ ಹಬ್ಬಿಸಿಕೊಂಡಿತ್ತು. ಹಿಂದಿನ ಮಡ್‌ಗಾರ್ಡ್ ಒಂದು ನಾಯಿಗೂಡಿಗೆ ಸೂರಾಗಿತ್ತು. ಆ ನಾಯಿ ಬಂದವರನ್ನು ಬಿಟ್ಟು ತನ್ನ ಸೂರನ್ನೇ ನೋಡಿ ಬೊಗಳುತ್ತಿತ್ತು. ಬೋಗ್ನಾ ಹೊಟ್ಟೆ ಹಿಡಿದು ನಕ್ಕಳು. "ಪೆದ್ದ ನಾಯಿ, ಮನೆ ಯಾವುದು ಅಂತಾನೇ ಗೊತ್ತಿಲ್ಲ ಇದಕ್ಕೆ."

ಸೆವೆರಿನ್ ನಾಯಿಯನ್ನು ನೋಡಲಿಲ್ಲ. ಅವಳು ನಗುವುದನ್ನು ನೋಡುತ್ತಿದ್ದ. ಬಾಯಾರಿದವನು ಬೇರೆಯವರ ಕೈಯಲ್ಲಿರುವ ನೀರನ್ನು ನೋಡುವ ನೋಟ ಅದು. ವಾಪಸು ಬರುವಾಗ ಹಳದಿ ಸಾಸಿವೆ ಹೊಲದ ಪಕ್ಕ ವ್ಯಾನು ಕೆಟ್ಟು ನಿಂತಿತು.

"ಮೆಕ್ಯಾನಿಕ್ ವ್ಯಾನೇ ಕೆಡುತ್ತಾ?"

"ಕೆಟ್ಟಿಲ್ಲ. ನಿಲ್ಸಿದ್ದೀನಿ."

"ಯಾಕೆ?"

"ನಿಮ್ಮನೆ ಇಷ್ಟು ಹತ್ರ ಇರೋದು ನಂಗೆ ಸರಿಬರ್ತಿಲ್ಲ."

ಅವಳು ಪ್ಲಮ್ ಹಣ್ಣಿನ ಕೇಕಿನ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟಳು. ಕೈಗೆ ಅಡ್ಡ ಏನೂ ಇರಬಾರದು ಎಂದು. ಅವನ ಕೋಟಿನ ಕಾಲರಿನಲ್ಲೂ ಅದೇ ಹರಳೆಣ್ಣೆ ವಾಸನೆ. ಮನೆ ಸೇರುವಾಗ ತಡವಾಗಿತ್ತು. ಅಪ್ಪ ಮಡ್‌ಗಾರ್ಡನ್ನೂ ನೋಡಿದ, ಅವಳ ಕೂದಲನ್ನೂ ನೋಡಿದ, "ಇವತ್ತು ಸಿಕ್ಕಿದ್ದು ಒಂದೇನಾ?" ಎಂದ. ಅವಳು ಮುಖ ಕೆಂಪಾಗಿಸಿಕೊಂಡು ಅಡುಗೆಮನೆಗೆ ಓಡಿದಳು.

ಎಂಜಿನ್ ಸಿಗುವ ಹೊತ್ತಿಗೆ ಮರದ ಎಲೆ ಉದುರಲು ಶುರುವಾಗಿತ್ತು. ಉಳಿದದ್ದು ಚಾಸಿ ಮತ್ತು ಹ್ಯಾಂಡಲ್. ಅವು ಮಾತ್ರ ಸಿಗಲೊಲ್ಲವು. ಭಾನುವಾರಗಳು ಖಾಲಿಯಾಗಿ ಕಳೆದವು, ಅಪ್ಪ ದಿಂಬಿನೊಳಗೆ ಇಳಿಯುತ್ತ ಹೋದ.

ಕಳೆದ ಬುಧವಾರ ಅವನ ತುಟಿ ನೀಲಿಗಟ್ಟಿತ್ತು. ಮಗಳ ತೋಳು ಹಿಡಿದು, "ಆ ಹುಡುಗನಿಗೆ ಹೇಳು. ಹ್ಯಾಂಡಲ್ ತಂದ್ಕೊಡ್ಲಿ," ಎಂದ. ಅವಳು ಅಂಗಳಕ್ಕೆ ಹೋಗಿ ಸೆವೆರಿನ್‌ಗೆ ಫೋನ್ ಮಾಡಿದಳು.

"ಏನಾದ್ರೂ ಸುಳಿವು ಇದ್ಯಾ? ಎಲ್ಲಾದ್ರೂ? ಹ್ಯಾಂಡಲ್ ತಂದ್ಕೊಡ್ಲಿ ಅಂತ ಅಪ್ಪ ಹೇಳ್ತಿದ್ದಾನೆ. ಉಳಿಯಲ್ಲ ಅನ್ಸುತ್ತೆ ಸೆವೆರಿನ್."

"ಭಾನುವಾರ," ಎಂದಿದ್ದ ಅವನು. ದನಿಯಲ್ಲಿ ಏನೋ ಒಂದು ಸಂಭ್ರಮ. "ಭಾನುವಾರ ಖಂಡಿತ. ನಂಬು ನನ್ನ, ರೆಫರಿ."

ಲುದ್ವಿಕ್ ಶುಕ್ರವಾರ ಸತ್ತ.

ನಿನ್ನೆ ಮಣ್ಣಾದ ಮೇಲೆ ಊಟಕ್ಕೆ ಕೂತಾಗ ಆ ಬೀಟ್ರೂಟಿನ ಕ್ಲೆಮೆನ್ಸ್ ವೋಡ್ಕಾ ಏರಿಸಿಕೊಂಡು ಅವಳ ಪಕ್ಕಕ್ಕೆ ಬಂದ. ದುಃಖ ಹೇಳುವುದಕ್ಕೇ ಬಂದದ್ದು, ಪಾಪ.

"ನಿಮ್ಮಪ್ಪನಿಗೆ ಒಳ್ಳೇ ಅಳಿಯ ಸಿಗ್ತಿದ್ದ ಕಣಮ್ಮ," ಎಂದ. "ಎಂಥಾ ಕಿಲಾಡಿ. ಶನಿವಾರ ಟ್ಯಾಂಕ್ ತಂದು ನನ್ನ ಕೋಳಿಗೂಡಿನ ಕೆಳಗೆ ತುರುಕಿ, 'ತಾತ, ನಾಳೆ ಏನೂ ಗೊತ್ತಿಲ್ದೋರ ಥರ ಇರಿ' ಅಂದ. ನಾಯಿಗೂಡಿನ ಐಡಿಯಾ ನಂದೇ. ನನ್ನ ಷಡ್ಕನ ನಾಯಿ ಅದು. ಪ್ರೀತಿ ಮಾಡಿದ್ರೆ ಹಿಂಗ್ ಮಾಡ್ಬೇಕು."

ಬೋಗ್ನಾ ಅವನ ಲೋಟಕ್ಕೆ ಇನ್ನಷ್ಟು ಸುರಿದಳು. ಉಳಿದದ್ದನ್ನೂ ಅವನು ತಾನಾಗಿಯೇ ಹೇಳಿದ.

*

"ಇಡೀ ಗಾಡಿ ಸಿಕ್ಕಿತ್ತು," ಎಂದ ಸೆವೆರಿನ್. "ಎರಡನೇ ಭಾನುವಾರ ಆದ ಮೇಲೆ. ಮುಚ್ಚಿದ ಬಿಯರ್ ಕಾರ್ಖಾನೆ ಗೋಡೌನಲ್ಲಿ. ಅವತ್ತೇ ಹೇಳೋಣ ಅಂತ ಫೋನ್ ಎತ್ಕೊಂಡೆ."

"ಮತ್ತೆ? ಕೈ ಸೇದಿ ಹೋಯ್ತಾ?"

"ಗಾಡಿ ಸಿಕ್ಬಿಟ್ರೆ ನೀನು ಮತ್ತೆ ಯಾಕೆ ಬರ್ತಿದ್ದೆ ಬೋಗ್ನಾ? ಥ್ಯಾಂಕ್ಸ್ ಅಂತ ಒಂದು ಕೇಕ್ ಕೊಟ್ಟು ಹೋಗ್ತಿದ್ದೆ. ಇನ್ನೊಂದು ಭಾನುವಾರ ಇರ್ಲಿ ಅಂದ್ಕೊಂಡೆ. ಟ್ಯಾಂಕ್ ಬಿಚ್ಚಿದೆ. ಆಮೇಲೆ ಇನ್ನೊಂದು ಅನ್ಸ್ತು."

"ನನ್ನ ಅಪ್ಪನ ಗಾಡೀನ ಕೊಯ್ದು ಕೊಯ್ದು ನನಗೆ ಬಡಿಸಿದೆ. ನಾನು ನಾಯಿ ಥರ ಬಾಲ ಅಲ್ಲಾಡಿಸ್ಕೊಂಡು ತಿಂದೆ."

"ನೀನು ನಗ್ತಿದ್ದೆ. ಅಷ್ಟು ನಗು ನಾನು ಎಲ್ಲೂ ನೋಡಿರ್ಲಿಲ್ಲ."

ಈ ಮಾತು ಒಂದು ವಾರದ ಹಿಂದೆ ಬಂದಿದ್ದರೆ ಅವಳು ಕರಗಿ ಹೋಗುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಸಿಟ್ಟು ನೆತ್ತಿಗೇರಿತು. ಬೇಸಿಗೆಯ ಒಂದೊಂದು ಭಾನುವಾರವನ್ನೂ ಅವಳು ಮಡಿಸಿ ಎದೆಯಲ್ಲಿಟ್ಟುಕೊಂಡಿದ್ದಳು. ಈಗ ಯಾವುದನ್ನು ಬಿಡಿಸಿದರೂ ಒಳಗೆ ಇವನ ಬೆರಳ ಗುರುತು.

"ಬುಧವಾರ ನಾನು ಫೋನ್ ಮಾಡ್ದಾಗ ಎಲ್ಲಿದ್ದೆ?"

ಸೆವೆರಿನ್ ನೆಲಕ್ಕೆ ಬಿದ್ದಿದ್ದ ಕಂಬಳಿ ಎತ್ತಿ ಮಡಿಸತೊಡಗಿದ.

"ಎಲ್ಲಿದ್ದೆ ಅಂತ ಕೇಳ್ದೆ."

"ಇಲ್ಲೇ."

"ಇದರ ಕೆಳಗೆ?"

"ಹೂಂ."

"ಸೈಕಲ್ಲಲ್ಲಿ ಬಂದಿದ್ರೂ ಚಹಾ ಆರೋ ಮೊದಲು ಮುಟ್ತಿದ್ದೆ ನಮ್ಮನೇಗೆ. ಯಾಕೆ ಬರ್ಲಿಲ್ಲ?"

ಅವನು ಏಣಿ ಎಳೆದು ಮೇಲೆ ಹತ್ತಿದ. ಬಾಗಿದ ಹಿಡಿಗೆ ಕಟ್ಟಿದ್ದ ಕೆಂಪು ದಾರ ಬಿಚ್ಚಿಕೊಂಡು ಇಳಿದು, ಅಂಗೈ ಚಾಚಿದ. ಚಿಕ್ಕ ಉಂಗುರ. ಹಸಿರು ಕಲ್ಲು, ಟ್ಯಾಂಕಿನದೇ ಹಸಿರು. ಹುಡುಕಿ ಹುಡುಕಿ ತಂದಿರಬೇಕು.

"ಭಾನುವಾರ ಇದನ್ನ ತಂದು ನಿಮ್ಮ ಅಂಗಳದಲ್ಲೇ ಎಲ್ಲಾ ಜೋಡಿಸ್ಬೇಕು ಅಂತಿದ್ದೆ. ಅವರು ಕೂತ್ಕೋತಾರೆ, ಹ್ಯಾಂಡಲ್ ಹಿಡ್ಕೋತಾರೆ, ಉಂಗುರ ಕೈಗೆ ಸಿಗುತ್ತೆ, ಅವರೇ ನಿನಗೆ ಕೊಡ್ತಾರೆ. ಅದೊಂದು ಚೆಂದ ಆಗ್ಲಿ ಅಂತ. ಎರಡು ದಿನ ಹೆಚ್ಚುಕಮ್ಮಿ ಆಗುತ್ತೆ ಅಂತ ನಂಗೇನು ಕನಸಾ?"

"ನಾನು ಹೇಳಿದ್ನಲ್ಲ. ಉಳಿಯಲ್ಲ ಅಂತ ಬಾಯಿಬಿಟ್ಟು ಹೇಳಿದ್ನಲ್ಲ."

"ಭಯಕ್ಕೆ ಹಂಗಂತಿದ್ದೀಯ ಅಂದ್ಕೊಂಡೆ."

ಅವಳು ಉಂಗುರ ಮುಟ್ಟಲಿಲ್ಲ. ಆಗ ಸೆವೆರಿನ್ ತಲೆ ಎತ್ತಿ, ತನ್ನ ಕೈಯಲ್ಲಿ ಉಳಿದಿದ್ದ ಕೊನೆಯ ಮಾತನ್ನೂ ಹಾಕಿದ.

"ಅವರಿಗೆ ಗೊತ್ತಿತ್ತು ಬೋಗ್ನಾ."

"ಯಾರಿಗೆ?"

"ನಿಮ್ಮಪ್ಪನಿಗೆ. ಮಡ್‌ಗಾರ್ಡ್ ತಂದ ಮಾರನೇ ದಿನ ನಾನು ನೋಡೋಕೆ ಬಂದಿದ್ನಲ್ಲ, ನೀನು ಬೇಕರೀಲಿದ್ದೆ. ಬೋಲ್ಟು ತೋರ್ಸಿ ಬೈದ್ರು. 'ನಾಯಿಗೂಡಲ್ಲಿ ಮಳೇಲಿ ನೆನೆದ ಬೋಲ್ಟಿಗೆ ಹೊಸ ಗ್ರೀಸ್ ಎಲ್ಲಿಂದ ಬರುತ್ತೋ ಕತ್ತೆ' ಅಂದ್ರು. ನಾನು ಎಲ್ಲಾ ಒಪ್ಕೊಂಡೆ. ಅವತ್ತೇ ಪೂರ್ತಿ ತಂದ್ಕೊಡ್ತೀನಿ ಅಂದೆ. ಅವರೇ ಬೇಡ ಅಂದ್ರು. 'ನಿಧಾನಕ್ಕೆ ತಾ. ಭಾನುವಾರ ಬಂದ್ರೆ ನನ್ನ ಮಗಳು ಹಾಡ್ಕೊಂಡು ತಲೆ ಬಾಚ್ಕೋತಾಳೆ. ನಾನು ತಡ್ಕೋತೀನಿ' ಅಂದ್ರು. ಬೇಕಾದ್ರೆ..."

"ಬೇಕಾದ್ರೆ ಅವನನ್ನೇ ಕೇಳು ಅಂತೀಯಾ?"



ಹೊರಗೆ ಬೀಟ್ರೂಟು ತುಂಬಿದ ಲಾರಿಗಳು ಸಾಲಾಗಿ ಸಕ್ಕರೆ ಕಾರ್ಖಾನೆಯತ್ತ ಹೋಗುತ್ತಿದ್ದವು. ಕಿಟಕಿಯ ಗಾಜು ಅದುರಿತು. ಬೋಗ್ನಾ ಅವನ ಮುಖವನ್ನೇ ದಿಟ್ಟಿಸಿದಳು. ಈ ಮುಖ ಸುಳ್ಳು ಹೇಳುವಾಗ ಹೇಗಿರುತ್ತದೆ ಎಂದು ಅವಳಿಗೆ ತಿಳಿಯದು. ಆರು ತಿಂಗಳು ನೋಡಿದ್ದು ಅದನ್ನೇ, ಆದರೂ ಕಂಡಿರಲಿಲ್ಲ. ನಿಜ ಹೇಳುವಾಗ ಹೇಗಿರುತ್ತದೆ ಎನ್ನುವುದು ಮಾತ್ರ ಈಗ ತಿಳಿಯಿತು. 'ನಾನು ತಡ್ಕೋತೀನಿ' ಅನ್ನುವ ಮಾತು ಅಪ್ಪನದ್ದೇ. ಅದನ್ನು ಬೇರೆ ಯಾರೂ ಕಟ್ಟಲಾರರು.

ಸೆವೆರಿನ್ ಒಂದು ಹೆಜ್ಜೆ ಮುಂದೆ ಬಂದ. "ನಂಬ್ತೀಯಾ?"

"ನಂಬ್ತೀನಿ."

ಅವನ ಭುಜ ಸಡಿಲಾಯಿತು. ಗೆದ್ದೆನೇನೋ ಎಂಬಂತೆ ಕಣ್ಣು ತುಂಬಿ ಬಂತು. ಆ ಕಣ್ಣುಗಳನ್ನು ಒರೆಸೋಣ ಎಂದು ಅವಳಿಗೆ ಈಗಲೂ ಅನ್ನಿಸಿತು. ಪ್ರೀತಿ ಅನ್ನುವ ದರಿದ್ರ ಹೇಳಿದ ಹೊತ್ತಿಗೆ ಎದ್ದು ಹೋಗುವುದಿಲ್ಲ.

"ಸುಳ್ಳಾಗಿದ್ರೆ ಕೆನ್ನೆಗೆ ನಾಲ್ಕು ಬಾರಿಸಿ ಇಲ್ಲೇ ಇರ್ತಿದ್ನೇನೋ," ಎಂದಳು ಬೋಗ್ನಾ. ದನಿ ತಗ್ಗಿತ್ತು. "ನಿಜ ಆದ್ರಿಂದ ಇರೋಕಾಗಲ್ಲ. ಯೋಚ್ನೆ ಮಾಡು. ಅಪ್ಪನಿಗೆ ಎಲ್ಲಾ ಗೊತ್ತಿತ್ತು. ಹ್ಯಾಂಡಲ್ ನಿನ್ಹತ್ರಾನೇ ಇದೆ ಅಂತ ಗೊತ್ತಿತ್ತು. ಬುಧವಾರ 'ತಂದ್ಕೊಡ್ಲಿ' ಅಂದ. ಹುಡುಕ್ಲಿ ಅನ್ಲಿಲ್ಲ. ಆಟ ಸಾಕು, ಇನ್ನು ತಡ್ಕೊಳೋಕೆ ಆಗಲ್ಲ ಅಂತ ನಿಂಗೆ ಹೇಳಿ ಕಳಿಸಿದ್ದು ಅದು. ನನಗೆ ಅರ್ಥ ಆಗ್ಲಿಲ್ಲ. ನಾನು ದಡ್ಡಿ, ನನಗೆ ಗೊತ್ತಿರ್ಲಿಲ್ಲ. ನಿನಗೆ ಅರ್ಥ ಆಗ್ಬೇಕಿತ್ತು."

ಸೆವೆರಿನ್‌ನ ಮುಖದಿಂದ ರಕ್ತ ಇಳಿದು ಹೋಯಿತು. ಅಂಗೈ ಇನ್ನೂ ಚಾಚಿಯೇ ಇತ್ತು.

"ಗುರುವಾರ ಇಡೀ ದಿನ ಬಾಗಿಲ ಕಡೆ ತಿರುಗಿ ಮಲಗಿದ್ದ," ಎಂದಳು. "ಗಾಳಿ ಬರ್ಲಿ ಅಂತ ಇರ್ಬೇಕು ಅಂದ್ಕೊಂಡು ನಾನು ಕಿಟಕಿ ತೆಗೆದೆ."

ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟಳು. ಕೋಟಿನ ಗುಂಡಿ ಹಾಕಿಕೊಂಡಳು. ಬೈಕು ಯಾರಿಗೆ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಂಗಳ ದಾಟಿ, ಗೇಟು ತೆಗೆದು, ಲಾರಿಗಳ ನಡುವೆ ಸಂದು ಸಿಕ್ಕಿದ ಕೂಡಲೇ ರಸ್ತೆ ದಾಟಿದಳು. ಆಚೆ ಬದಿಯಲ್ಲಿ ಒಂದು ಸಲ ನಿಂತದ್ದು ಮೂಗು ಒರೆಸಿಕೊಳ್ಳಲು. ಆಮೇಲೆ ನಡೆದಳು. ಆ ಗೇಟಿನೊಳಗೆ ಅವಳು ಮತ್ತೆ ಕಾಲಿಡಲಿಲ್ಲ.