ಒಂದು ಕಾಳು ದನಿ

"ಆ ಡಬ್ಬಿಯೊಳಗ ಏನರ ತುಂಬಕೊಂಡಿ ಏನಪಾ?"

ಗಯಾಬಾಯಿ ಮೆಲ್ಲಗೆ ಕೇಳಿದಳು. ಅಜೀತ ಅಂಗಿಯ ಜೇಬಿನಲ್ಲಿದ್ದ ರೆಕಾರ್ಡರಿನ ಮೇಲೆ ಅಂಗೈ ಇಟ್ಟುಕೊಂಡು ನಕ್ಕ.

ದುಬಲಗುಂಡಿಯ ಆ ಹಿತ್ತಲಿನಲ್ಲಿ ಸುಟ್ಟ ಮೆಣಸಿನಕಾಯಿಯ ಘಾಟು ಇನ್ನೂ ಇಳಿದಿರಲಿಲ್ಲ. ಲೋಬಾನದ ಹೊಗೆ ಬೇವಿನ ಟೊಂಗೆಗೆ ಸುತ್ತಿಕೊಂಡು ನಿಂತಿತ್ತು. ಭಾನಾಮತಿ ಹತ್ತಿದೆಯೆಂದು ಕರೆತಂದಿದ್ದ ಹೆಂಗಸು ಗೋಡೆಗೆ ಒರಗಿ ಬಾಯಿ ತೆರೆದು ಮಲಗಿದ್ದಳು. ಸ್ವಲ್ಪ ಹೊತ್ತಿನ ಹಿಂದೆ ಇದೇ ಹೆಂಗಸು ಕೈಕಾಲು ಊರಿ ನಾಯಿಯಂತೆ ಬೊಗಳುತ್ತಿದ್ದಳು. ಗಯಾಬಾಯಿ ಅವಳ ಮುಖವನ್ನು ಹೊಸ ಗಡಿಗೆಯ ಬಾಯಿಗೆ ಒತ್ತಿ ಹಿಡಿದು, ದನಿ ಬತ್ತುವ ತನಕ ಅದರೊಳಗೇ ಬೊಗಳಿಸಿ, ಜೋಳದ ಹಿಟ್ಟಿನ ಕಣಕದಿಂದ ಬಾಯಿ ಮುಚ್ಚಿ, ಮೇಲೆ ಕೆಂಪು ಅರಿವೆ ಕಟ್ಟಿದ್ದಳು. ಇನ್ನು ಗಡಿಗೆಯನ್ನು ಹಾಳುಬಾವಿಗೆ ಬಿಡುವುದೊಂದೇ ಉಳಿದಿತ್ತು. ದನಿ ಗಡಿಗೆಗೆ, ಗಡಿಗೆ ನೀರಿಗೆ. ಮೇಲಿನ ಗಾಳಿಯಲ್ಲಿ ಅದರ ಚೂರೂ ಉಳಿಯಬಾರದು. ಮಾಟ ಬಿಡಿಸುವ ಅವಳ ಕ್ರಮ ಅದು.

"ಹೌದಜ್ಜಿ, ಆವಾಜ ತುಂಬಕೊಂಡೀನಿ," ಎಂದ ಅಜೀತ. "ನಾಯಿ ಬೊಗಳಿದ್ದನ್ನ ಯಾರರ ಕಳವು ಮಾಡ್ತಾರಂತ ಅಂಜತಿ?"

ಅವನನ್ನು ಅಲ್ಲಿಗೆ ಕರೆತಂದಿದ್ದ ಗೆಳೆಯ ಮಚ್ಚೇಂದ್ರ ಹಿಂದಿನಿಂದ ಅವನ ಅಂಗಿ ಜಗ್ಗಿದ. "ಸುಮ್ಮನಿರಲೇ."

ಮುದುಕಿ ಸಿಟ್ಟಾಗಲಿಲ್ಲ. ಗಡಿಗೆಯ ಬಾಯಿ ಮುಟ್ಟಿ ನೋಡಿ, "ಹಿಟ್ಟು ಇನ್ನಾ ಹಸಿ ಅದ. ಬಿಚ್ಚತೀನಿ," ಎಂದಳು. "ನಿನ್ನ ಡಬ್ಬಿ ಮಾತಾಡಸು, ಇದರೊಳಗ ಸುರುವು, ಆಮ್ಯಾಗ ಅಳಿಸು. ಆ ದನಿಗಿ ಈಗ ಮೈ ಇಲ್ಲ ಮಗಾ. ಮೈ ಇಲ್ಲದ್ದು ಮೈ ಹುಡಕತದ."

"ನನ್ನ ಮೈ ಹುಡಕಿ ಏನ್ ಮಾಡತದ? ನನಗ ಹಾಡಾಕ ಸುದ್ದಾ ಬರಂಗಿಲ್ಲ."

"ನಿನ್ನ ಮೈನೇ ಅಂತ ಯಾರ ಅಂದ್ರು?" ಎಂದಳು ಗಯಾಬಾಯಿ.

ಅಜೀತ ಮೋಟರ್ ಸೈಕಲ್ ಹತ್ತಿದ. ದಾರಿಯುದ್ದಕ್ಕೂ ಮುದುಕಿಯ ದನಿಯನ್ನು ಅಣಕಿಸುತ್ತ ಬಂದ. ಮಚ್ಚೇಂದ್ರ ಮಾತ್ರ ನಗಲಿಲ್ಲ.

ಅದು ಎರಡು ಸಾವಿರದ ನಾಲ್ಕನೆಯ ಇಸವಿ. ರಾಜೇಶ್ವರದ ಹುಡುಗನಾದರೂ ಅಜೀತ ಊರಿಗೆ ಹೊಸಬನಂತೆಯೇ ಆಗಿದ್ದ. ಪುಣೆಯಲ್ಲಿ ವರ್ಷಗಟ್ಟಲೆ ಇದ್ದು ಧ್ವನಿಮುದ್ರಣದ ಕೆಲಸ ಕಲಿತು, ಒಂದು ಕಂಪ್ಯೂಟರ್ ಹೊತ್ತುಕೊಂಡು ಬಂದಿದ್ದ. ಹುಮನಾಬಾದಿನ ಕಾಳಿನ ಬಜಾರದಲ್ಲಿ, ಬೀಜದ ಅಂಗಡಿಯ ಮೇಲೊಂದು ಕೋಣೆ ಹಿಡಿದ. ಹೊರಗಿನ ಸದ್ದು ತಡೆಯಲು ಗೋಡೆಗೆಲ್ಲ ತತ್ತಿಯ ಟ್ರೇ ಬಡಿದ. ಕಿಟಕಿ ತೆರೆದರೆ ಕಾರ್ಖಾನೆಗಳ ಔಷಧಿ ವಾಸನೆ, ಮುಚ್ಚಿದರೆ ಗೋಣಿಚೀಲದ ಧೂಳು. ಇದೆಲ್ಲ ಯಾಕೆಂದರೆ ತಂಗಿ ಸ್ನೇಹಲಳಿಗಾಗಿ. ಅವಳ ಹಾಡಿನದೊಂದು ಸೀಡಿ ಮಾಡಬೇಕು ಎಂಬುದು ಅವನ ಒಂದೇ ಹಟ.

ಅಂಥ ದನಿ ಅವಳದು. ಹಿಂದಿನ ವರ್ಷ ಬಸವಕಲ್ಯಾಣದಲ್ಲಿ ಒಂದು ಸಭೆಯಲ್ಲಿ ಅವಳು ಹಾಡುವಾಗ ಕರೆಂಟು ಹೋಗಿ ಮೈಕು ಸತ್ತಿತು. ಅವಳು ನಿಲ್ಲಿಸಲಿಲ್ಲ. ಕಡೆಯ ಸಾಲಿನಲ್ಲಿ ಕೂತವರು ಕೂಡ ಮಾತು ಬಿಟ್ಟು ಕೇಳಿದರು. ಹೊರಗೆ ಚಹಾದ ಗಾಡಿಯವನು ಸ್ಟೋವ್ ಆರಿಸಿ ಕೇಳಿದ. ತಾಯಿ ಕಾಂತಾಬಾಯಿ ಕಲಿಸಿದ್ದ ಬೀಸುವ ಕಲ್ಲಿನ ಹಾಡು ಅದು. ಬಾಗಿಲಲ್ಲಿ ನಿಂತಿದ್ದ ಅಜೀತ ಅಂದೇ ನಿಶ್ಚಯಿಸಿದ್ದ: ಈ ದನಿ ಊರು ದಾಟಬೇಕು.

ಆದರೆ ಅವನಿಗೆ ತಬಲಾ ಪೇಟಿ ಬೇಡವಾಗಿತ್ತು. ಯಾರೂ ಕೇಳಿರದ ನಾದ ಬೇಕಾಗಿತ್ತು. ಪುಣೆಯ ಗೆಳೆಯನೊಬ್ಬ ಹೆಸರಿಲ್ಲದ ಒಂದು ಡಿಸ್ಕು ಕೊಟ್ಟಿದ್ದ. ಕಂಪ್ಯೂಟರಿನೊಳಗೇ ವಾದ್ಯ ಹುಟ್ಟಿಸುವ ಸಾಫ್ಟ್‌ವೇರ್. ಅದನ್ನು ತೆರೆದರೆ ಪರದೆಯ ತುಂಬ ತಿರುಗಣೆಗಳು, ಕೆಂಪು ಹಸಿರು ದೀಪಗಳು, ಒಂದರೊಳಗೊಂದು ಸಿಕ್ಕಿಕೊಂಡ ತಂತಿಗಳ ಚಿತ್ರ. ಅಕ್ಷರಗಳು ಇಂಗ್ಲಿಷಿನಂತೆ ಕಂಡರೂ ಇಂಗ್ಲಿಷಲ್ಲ. ಜೊತೆಗೆ ಪುಸ್ತಕವಿಲ್ಲ, ಕೇಳೋಣವೆಂದರೆ ತಿಳಿದವರಿಲ್ಲ. ಒಂದನ್ನು ತಿರುಗಿಸಿದರೆ ಮತ್ತೆಲ್ಲೋ ಮೂರು ತಾವೇ ತಿರುಗುತ್ತಿದ್ದವು. ಕತ್ತಲಲ್ಲಿ ಪರರ ಅಡುಗೆಮನೆಯಲ್ಲಿ ಉಪ್ಪು ಹುಡುಕಿದಂತೆ ಅವನು ತಡಕಾಡಿದ. ತಡಕಾಡಿ ಇಷ್ಟು ಕಲಿತ: ಇದರೊಳಗೆ ಯಾವ ಸದ್ದು ಹಾಕಿದರೂ ಅದು ಬೀಸುವ ಕಲ್ಲಿನಂತೆ ಪುಡಿ ಮಾಡುತ್ತದೆ. ಆ ಪುಡಿಯ ಒಂದು ಕಾಳನ್ನು ಹಿಡಿದು ಎಷ್ಟು ಬೇಕಾದರೂ ಹಿಗ್ಗಿಸಬಹುದು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಸದ್ದು ತಾಸುಗಟ್ಟಲೆ ನಿಲ್ಲುತ್ತದೆ.

ಬಸ್ಸಿನ ಹಾರನ್ನು ಹಾಕಿದ್ದ, ತಾಮ್ರದ ಕೊಡ ಬಾರಿಸಿ ಹಾಕಿದ್ದ. ಎಲ್ಲವೂ ತಗಡಿನಂತೆ ಸತ್ತು ಹೊರಬಂದಿದ್ದವು. ಅಂದು ದುಬಲಗುಂಡಿಯ ಬೊಗಳುವಿಕೆಯನ್ನು ಹಾಕಿದ. ಒಂದು ಕಾಳು ಹಿಡಿದು ಹಿಗ್ಗಿಸಿದ.

ಬಾವಿಯ ತಳದಲ್ಲಿ ಕೂತು ಯಾರೋ ತಂಬೂರಿ ಮೀಟಿದಂತೆ ನಾದ ಎದ್ದಿತು. ಅದರಲ್ಲಿ ಉಸಿರಿತ್ತು. ಕೋಣೆಯಲ್ಲಿ ಸುಟ್ಟ ಮೆಣಸಿನಕಾಯಿಯ ಘಾಟು ಬಂತು. ಕೆಳಗೆ ಬಜಾರ ಇದೆಯಲ್ಲ ಎಂದುಕೊಂಡ.

ಮರುದಿನ ಮುಂಜಾನೆ ಸ್ನೇಹಲ ರಾಜೇಶ್ವರದ ಬಸ್ಸಿನಲ್ಲಿ ಬಂದಳು. ಹೆಡ್‌ಫೋನ್ ಹಾಕಿಕೊಂಡು ಕಣ್ಣರಳಿಸಿದಳು.

"ಅಯ್ಯ, ಎಷ್ಟ ಚಂದ ಅದ! ಯಾವ ಬಾಜಾ ಅಣ್ಣಾ ಇದು?"

"ನಾಯಿ."

"ಹುಚ್ಚ! ತಂಗಿನ ನಾಯಿ ಜೋಡಿ ಹಾಡಾಕ ಹಚ್ಚತಿ? ತಡಿ, ನಿನ್ನ ಮದವಿಗಿ ಇದೇ ಬ್ಯಾಂಡ್ ಹೇಳತೀನಿ."

ನಗುತ್ತಲೇ ಹಾಡಲು ತೊಡಗಿದಳು. ಅಜೀತನ ಮೈ ಜುಮ್ಮೆಂದಿತು. ಅಂಥ ಹಾಡು ಅವಳು ಎಂದೂ ಹಾಡಿರಲಿಲ್ಲ. ಆದರೆ ಎರಡನೆಯ ನುಡಿಯಲ್ಲಿ ಅವನಿಗೊಂದು ವಿಚಿತ್ರ ಗಮನಕ್ಕೆ ಬಂತು. ನಾದ ಒಂದೇ ಸ್ವರದಲ್ಲಿ ನಿಲ್ಲಬೇಕಾಗಿತ್ತು. ನಿಂತಿರಲಿಲ್ಲ. ಅವಳು ಮೇಲೆ ಹೋಗುವ ಮೊದಲೇ ಅದು ಮೇಲೆ ಹೋಗಿ ಕಾಯುತ್ತಿತ್ತು. ಅವಳು ಇಳಿಯುವ ಮೊದಲೇ ಇಳಿದು ಕೈಚಾಚುತ್ತಿತ್ತು. ಯಾವುದೋ ತಿರುಗಣೆ ತಾನೇ ತಿರುಗಿರಬೇಕು ಎಂದುಕೊಂಡ. ಪರದೆಯ ಮೇಲೆ ಒಂದೂ ಅಲುಗಿರಲಿಲ್ಲ.

ಹಾಡು ಮುಗಿಯಿತು. ಅವನು ನಿಲ್ಲಿಸಿದ. ಸ್ನೇಹಲ ಮಾತ್ರ ತಲೆದೂಗುತ್ತಲೇ ಇದ್ದಳು.

"ಮುಗೀತವ್ವಾ, ತಗಿ."

"ಇನ್ನಾ ನಡದದಲ್ಲ."

ಅವನು ಹೆಡ್‌ಫೋನಿನ ವಯರು ಕಿತ್ತ. ಅವಳು ಅದನ್ನು ತಲೆಯಿಂದ ತೆಗೆದು ಮೇಜಿನ ಮೇಲಿಟ್ಟಳು. ಮುಖದ ನಗು ಹಾಗೆಯೇ ಇತ್ತು. ಕಣ್ಣು ಮಾತ್ರ ಅಂಜಿದ್ದವು.

"ಇನ್ನಾ ನಡದದ, ಅಣ್ಣಾ."

ಆಮೇಲೆ ಅವಳ ಕುತ್ತಿಗೆಯ ನರ ಉಬ್ಬಿತು. ಬೆನ್ನು ಬಾಗಿತು. ಅಂಗೈ ನೆಲಕ್ಕೆ ಊರಿತು. ಅವಳು ಬೊಗಳಿದಳು.

ಕೆಳಗೆ ಅಂಗಡಿಯಲ್ಲಿ ಯಾರೋ "ಏ, ಮ್ಯಾಲ ನಾಯಿ ಹೊಕ್ಕದ ನೋಡ್ರಿ!" ಎಂದು ಕೂಗಿದರು.

ಕಾಂತಾಬಾಯಿ ರಾಜೇಶ್ವರದಿಂದ ಓಡಿಬಂದಳು. ಅಜೀತ ದುಬಲಗುಂಡಿಯ ಮುದುಕಿಯ ಮಾತು ಎತ್ತಿದ. ಮಾಟ, ಮಂತ್ರ, ದೆವ್ವ ಎಂಬ ಮಾತನ್ನು ಆ ಮನೆಯಲ್ಲಿ ಆಡುವಂತಿರಲಿಲ್ಲ. ಗಂಡ ಬದುಕಿದ್ದಾಗ ಹಾಕಿದ ಕಟ್ಟು ಅದು, ಅವಳು ಮುರಿದವಳಲ್ಲ. "ದವಾಖಾನಿಗಿ ನಡಿ. ಬುದ್ಧನ ಫೋಟೋ ಇಟ್ಟ ಮನಿ ನಮ್ಮದು," ಎಂದಳು. ಡಾಕ್ಟರು ಗಂಟಲು ನೋಡಿದರು, ನಿದ್ದೆಯ ಸೂಜಿ ಚುಚ್ಚಿದರು. ಸ್ನೇಹಲ ನಿದ್ದೆಯಲ್ಲೂ ಬೊಗಳಿದಳು. ದಿಂಬಿನ ಮೇಲೆ ರಕ್ತದ ಹನಿ ಬಿದ್ದವು. ಹೀಗೇ ಆದರೆ ಗಂಟಲು ಹರಿದು ಹೋದೀತು ಎಂದು ನರ್ಸಮ್ಮ ಹೇಳಿದಳು. ಆಗ ಕಾಂತಾಬಾಯಿ ತಾನೇ ಕೇಳಿದಳು:

"ಆ ಮುದುಕಿ ಎಲ್ಲಿರತಾಳ?"

ಗಯಾಬಾಯಿ ಬಜಾರದ ಕೋಣೆಗೆ ಬಂದಳು. ಕಂಕುಳಲ್ಲಿ ಹೊಸ ಗಡಿಗೆ. ಮೂಲೆಯಲ್ಲಿ ಕಟ್ಟಿಹಾಕಿದಂತೆ ಕೂತಿದ್ದ ಸ್ನೇಹಲಳ ತಲೆ ಸವರಿ, ಅಜೀತನಿಗೆ ಆ ಹಾಡು ಹಚ್ಚಲು ಹೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಬಿಳಿಚಿತು.

"ಎರಡೂ ಕೂಡಿಬಿಟ್ಟಾವ. ಸಜ್ಜಿ ಜ್ವಾಳ ಕೂಡಿದ್ರ ಕೇರಬಹುದು. ಹಿಟ್ಟಿನಾಗ ಹಿಟ್ಟು ಕೂಡಿದ್ರ ಯಾರ ಕೇರತಾರ?"

"ಮತ್ತೇನ್ ಮಾಡೂದು?" ಕಾಂತಾಬಾಯಿ ಕೇಳಿದಳು.

"ಪೂರಾ ಗಡಿಗಿಗಿ ಹಾಕೂದು. ಬೊಗಳಿದ್ದೂ, ಇಕಿ ಹಾಡಿದ್ದೂ."

"ಆಮ್ಯಾಗ ಇಕಿ ದನಿ?" ಎಂದ ಅಜೀತ.

"ಹೋಗತದ. ವರ್ಷೊಪ್ಪತ್ತು ಮೂಕಿ ಆಗಿ ಇರತಾಳ. ಕಟಾವ್ ಆದ ಹೊಲ ಇದ್ದಂಗ. ಪೂರಾ ಖಾಲಿ ಬಿಟ್ರ ಮತ್ತ ಹೊಸಾದು ಚಿಗೀತದ, ಚಿಗಿತಿದ್ದು ನೋಡೀನಿ ನಾ. ಆದ್ರ ಒಂದು ಕಾಳು ಸುದ್ದಾ ಹಿಂದ ಇಟಗೋಬ್ಯಾಡ ಮಗಾ. ಇಟ್ಟಿ ಅಂದ್ರ ಹೊಸಾದು ಬರಂಗಿಲ್ಲ, ಹಳೇದು ಹೋಗಂಗಿಲ್ಲ."

ಸ್ಪೀಕರನ್ನು ಗಡಿಗೆಯ ಬಾಯಿಯ ಮೇಲೆ ಬೋರಲು ಹಾಕಿದರು. ಅಜೀತ ಒಂದೊಂದೇ ಕಡತ ಹಚ್ಚಿದ, ಮುಗಿದಂತೆ ಅಳಿಸಿದ. ಮೊದಲು ಬೊಗಳುವಿಕೆ ಹೋಯಿತು. ಗಡಿಗೆ ನಡುಗಿತು. ನಾದ ಹೋಯಿತು. ಕಡೆಗೆ ಸ್ನೇಹಲಳ ಹಾಡು. ಒಂದೊಂದು ನುಡಿ ಒಳಗಿಳಿದಂತೆ ಮೂಲೆಯಲ್ಲಿ ಅವಳ ಬೊಗಳು ಸಣ್ಣದಾಗುತ್ತ ಬಂತು. ಕಾಂತಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ತಾನು ಕಲಿಸಿದ ಹಾಡು ಮಣ್ಣಿನ ಹೊಟ್ಟೆಗೆ ಸೇರುವುದನ್ನು ಅವಳು ಕೇಳುತ್ತಿದ್ದಳು.

ಬೊಗಳುವುದನ್ನು ಅಜೀತ ಕಣ್ಣಾರೆ ಕಂಡಿದ್ದ, ನಂಬಿದ. ಹೋದ ದನಿ ಚಿಗುರುವುದನ್ನು ಯಾರು ಕಂಡಿದ್ದಾರೆ? ಮುದುಕಿ ಸಮಾಧಾನಕ್ಕೆ ಹೇಳಿರಬೇಕು. ಹಾಡಿನ ಕೊನೆಯಲ್ಲಿ ಸ್ನೇಹಲ ಎಳೆದಿದ್ದ ಒಂದು "ಆ" ಇತ್ತು. ಅದರ ಒಂದೇ ಒಂದು ಕಾಳನ್ನು ಅವನು ಆ ಸಾಫ್ಟ್‌ವೇರಿನ ಪರದೆಯಲ್ಲಿ ಖಾಲಿಯಿದ್ದ ಒಂದು ಚೌಕದ ಮನೆಯೊಳಗೆ ಸರಿಸಿದ. ಸಾಸಿವೆಯಷ್ಟು ಸದ್ದು. ತಂಗಿಯ ದನಿ ಪ್ರಪಂಚದಲ್ಲಿ ಇಷ್ಟಾದರೂ ಇರಲಿ ಎಂದುಕೊಂಡ.

"ಪೂರಾ?" ಗಯಾಬಾಯಿ ಕೇಳಿದಳು.

"ಪೂರಾ."

ಅವಳು ಕಣಕ ಮೆತ್ತಿ, ಅರಿವೆ ಕಟ್ಟಿ, ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದುಬಲಗುಂಡಿಯ ಬಸ್ಸು ಹತ್ತಿದಳು.

ಸ್ನೇಹಲ ಎದ್ದಳು. ಮಾತಿಲ್ಲ. ಕೈಸನ್ನೆಯಿಂದ ನೀರು ಕೇಳಿದಳು, ನಕ್ಕಳು. ಮನೆಯವರಿಗೆ ಜೀವ ಬಂತು. ಮುಂದಿನ ವಾರ ಗಂಟಲು ತೋರಿಸಲು ತಾಯಿ ಮಗಳು ಹುಮನಾಬಾದಿಗೆ ಬಂದು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಕೋಣೆಗೆ ಹತ್ತಿದರು. ಸ್ನೇಹಲ ಕುರ್ಚಿಯ ಮೇಲೆ ಕೂತು ಆಕಳಿಸಲು ಬಾಯಿ ತೆರೆದಳು.

"ಆ..."

ಕಾಂತಾಬಾಯಿ ಕೈ ಮುಗಿದಳು. "ದನಿ ಬಂತು! ನನ್ನ ಮಗಳಿಗಿ ದನಿ ಬಂತಲ್ಲೋ ಅಜೀತ!"

ಬಂದಿತ್ತು. ತೇಟ್ ಅದೇ ದನಿ. ಏರಿಲ್ಲ, ಇಳಿವಿಲ್ಲ. ಅಜೀತನೂ ನಕ್ಕ. ಆಮೇಲೆ ನಗು ನಿಂತಿತು. ಅವಳು ಉಸಿರು ತೆಗೆದುಕೊಂಡಿರಲಿಲ್ಲ. "ಆ" ಹೊರಗೆ ಬರುತ್ತಲೇ ಇತ್ತು. ಒಳಗೆ ಗಾಳಿ ಹೋಗುತ್ತಿರಲಿಲ್ಲ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿದಳು. ಬೆರಳ ಸಂದಿಯಿಂದ ಬಂತು. ತುಟಿ ನೀಲಿಯಾಯಿತು. ಕಣ್ಣು ಹೊರಳಿದವು.

ಅವನು ಕಂಪ್ಯೂಟರ್ ಹಚ್ಚಿದ. ಕಾಳು ಬಚ್ಚಿಟ್ಟಿದ್ದ ಆ ಮನೆಯ ಹಸಿರು ದೀಪ ಉರಿಯುತ್ತಿತ್ತು. ಗಡಿಗೆ ಇಲ್ಲ. ಗಡಿಗೆ ಬಾವಿಯಲ್ಲಿ. ತಾಯಿ ಚೀರುತ್ತಿದ್ದಳು. ಸ್ನೇಹಲ ನೆಲಕ್ಕೆ ಬಿದ್ದಳು. ಆ. ಕಾಲು ಬಡಿದಳು. ಆ. ಅವನು ಕಾಳನ್ನು ಹಿಡಿದು ಅಳಿಸುವ ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ತಿಳಿಯದ ಭಾಷೆ. ಉದ್ದನೆಯ ಪ್ರಶ್ನೆ. ಕೆಳಗೆ ಎರಡು ಗುಂಡಿ. ಯಾವುದು ಹೌದು? ಯಾವುದು ಅಲ್ಲ? ತಂಗಿಯ ಕಾಲು ನಿಂತವು. ಅವನು ಒಂದನ್ನು ಒತ್ತಿದ.

ದೀಪ ಆರಿತು. ದನಿ ನಿಂತಿತು.

ಸ್ನೇಹಲಳ ಎದೆ ಏರಿತು. ಇಳಿಯಿತು. ಮತ್ತೆ ಏರಿತು. ಕಾಂತಾಬಾಯಿ ಅವಳನ್ನು ಬಾಚಿ ತಬ್ಬಿಕೊಂಡು ಅತ್ತಳು. ಅಜೀತನಿಗೆ ಏನೋ ತಪ್ಪಿದಂತೆ ಅನಿಸಿತು. ಅಷ್ಟು ಏದುಸಿರು ಬಿಡುತ್ತಿದ್ದಾಳೆ, ಉಸಿರಿನ ಸದ್ದಿಲ್ಲ. ಅವಳು ಕೈ ಊರಿ ಏಳುವಾಗ ಗಾಜಿನ ಬಳೆಗಳು ಮೇಜಿನ ಕಾಲಿಗೆ ಬಡಿದು ಎರಡು ಒಡೆದವು. ಒಡೆದದ್ದು ಕಾಣಿಸಿತು. ಕೇಳಿಸಲಿಲ್ಲ.

ಅವನು ದುಬಲಗುಂಡಿಗೆ ಹೋಗಿ ಗಯಾಬಾಯಿಯ ಕಾಲು ಹಿಡಿದ. ಮುದುಕಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಬಯ್ಯಲೂ ಇಲ್ಲ.

"ಬಾವ್ಯಾಗ ಹಾಕಿದ್ದು ಬಾವ್ಯಾಗರ ಅದ. ಬೇರು ಅಲ್ಲಿ, ಚಿಗುರು ಇಲ್ಲಿ ಅಂತ ಕಾಯಬಹುದಿತ್ತು. ನೀ ಅಳಿಸಿದ್ದು ಎಲ್ಲಿ ಅದ ಹೇಳು, ಹೋಗಿ ತರತೀನಿ."



ಅಜೀತ ಬಜಾರದ ಕೋಣೆ ಬಿಟ್ಟು ರಾಜೇಶ್ವರಕ್ಕೆ ಬಂದ. ತಂಗಿ ಅಂಗಳ ಗುಡಿಸಿದರೆ ಕಸಬರಿಗೆಯ ಸಪ್ಪಳವಿಲ್ಲ. ರೊಟ್ಟಿ ಬಡಿದರೆ ಅಂಗೈ ಎದ್ದು ಬೀಳುವುದಷ್ಟೇ ಕಾಣುತ್ತಿತ್ತು. ಹಿಂದೆ ಬಂದು ನಿಂತರೆ ತಿಳಿಯುತ್ತಿರಲಿಲ್ಲ. ಕಾಂತಾಬಾಯಿ ಗಳಿಗೆಗೊಮ್ಮೆ ತಿರುಗಿ ನೋಡುವುದನ್ನು ರೂಢಿ ಮಾಡಿಕೊಂಡಳು. ತಿರುಗಿದರೆ ಮಗಳು ಇದ್ದಾಳೆ. ಇಲ್ಲವಾದರೆ ಇಲ್ಲ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಬಿಸಿಗಾಳಿ ಎದ್ದು ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಒಳಕೋಣೆಯಲ್ಲಿ ಸ್ನೇಹಲ ಮಲಗಿದ್ದಾಳೆಂದು ತಿಳಿದು ಅಜೀತ ಹೊರಬಾಗಿಲು ಹಾಕಿ ಚಿಲಕ ಇಟ್ಟ. ತಾಯಿ ಮಗ ಊಟ ಮಾಡಿ ನಡುಮನೆಯಲ್ಲಿ ಅಡ್ಡಾದರು. ಸ್ನೇಹಲ ಒಣಹಾಕಿದ್ದ ಬಟ್ಟೆ ತರಲು ಬರಿಗಾಲಲ್ಲಿ ಹೊರಗೆ ಹೋಗಿದ್ದಳು.

ಬಿಸಿಲು ಇಳಿದ ಮೇಲೆ ಅವನು ಬಾಗಿಲು ತೆರೆದ. ಅವಳು ಹೊಸ್ತಿಲಿಗೆ ಅಡ್ಡವಾಗಿ ಬಿದ್ದಿದ್ದಳು. ಅಂಗಾಲು ಬೊಬ್ಬೆ ಎದ್ದಿದ್ದವು. ಮೂಗಿನ ಹತ್ತಿರ ಬೆರಳು ಹಿಡಿದಾಗಲೇ ಜೀವ ಇದೆಯೆಂದು ಗೊತ್ತಾಯಿತು. ಎರಡೂ ಮುಷ್ಟಿಯ ಗೆಣ್ಣು ಸುಲಿದು ಎಲುಬು ಬೆಳ್ಳಗೆ ಕಾಣುತ್ತಿತ್ತು. ಬಾಗಿಲಿನ ಹಲಗೆಯ ಮೇಲೆ, ಅವಳ ಎದೆಯೆತ್ತರದಿಂದ ಕೆಳಗೆ, ಕೂತು ಬಡಿದಷ್ಟು ಎತ್ತರಕ್ಕೆ, ಇನ್ನೂ ಕೆಳಗೆ, ಮಲಗಿ ಬಡಿದಷ್ಟು ಎತ್ತರಕ್ಕೆ, ರಕ್ತ ಒಣಗಿ ಕಪ್ಪಾಗಿತ್ತು.

ಆ ಹಲಗೆಯ ಒಳಬದಿಗೆ ತಲೆ ಹಚ್ಚಿಯೇ ಅಜೀತ ಮಧ್ಯಾಹ್ನವೆಲ್ಲ ಮಲಗಿದ್ದ.