ಅರ್ಧ ಇಳಿಸಿದ ಹಾಯಿ

ಅವನ ಕೆನ್ನೆಗೆ ಹೊಡೆದ ಮೇಲೆಯೇ ನಾನು ಅವನ ಮುಖವನ್ನು ಸರಿಯಾಗಿ ನೋಡಿದ್ದು.

ನಮ್ಮ ದ್ವೀಪದ ಬಂದರಿಗೆ ಹಾಯಿಯನ್ನು ಅರ್ಧ ಇಳಿಸಿಕೊಂಡು ದೋಣಿ ಬಂದರೆ ಅದರಲ್ಲಿ ಹೆಣವಿದೆ ಎಂದರ್ಥ. ಬಿರುಗಾಳಿಗೆ ಸಿಕ್ಕ ಅಣ್ಣನ ದೋಣಿ ಇನ್ನೂ ಮರಳಿರಲಿಲ್ಲ. ಅಂಥ ಹೊತ್ತಿನಲ್ಲಿ ಈ ಪುಣ್ಯಾತ್ಮ ಊರು ನೋಡಲೆಂದು ಅರ್ಧ ಹಾಯಿಯಲ್ಲಿ ತೇಲಿಕೊಂಡು ಬಂದ. ಅತ್ತಿಗೆ ಎದೆ ಬಡಿದುಕೊಳ್ಳುತ್ತ ಓಡಿದಳು, ಅವಳ ಹಿಂದೆ ನಾನು, ನನ್ನ ಹಿಂದೆ ಇಡೀ ಬೀದಿ. ದೋಣಿಯಲ್ಲಿ ಹೆಣವಿರಲಿಲ್ಲ. ಬಿಸ್ಕತ್ತು ತಿನ್ನುತ್ತಿದ್ದ ಗಂಡಸೊಬ್ಬನಿದ್ದ.

"ಹಗ್ಗ ಸಿಕ್ಕಿಕೊಂಡಿತ್ತು ಕಣ್ರೀ!" ಅಂದ, ಕೆನ್ನೆ ಹಿಡಿದುಕೊಂಡು. "ಅದಕ್ಕೂ ಹೊಡೀತಾರಾ ಇಲ್ಲಿ?"

"ನಮ್ಮಣ್ಣನ ಹೆಣ ಬಂತು ಅಂದ್ಕೊಂಡ್ವಿ."

ಅವನ ಮುಖ ಬಿಳಿಚಿಕೊಂಡಿತು. ಬಿಸ್ಕತ್ತನ್ನು ಎಲ್ಲಿಡಬೇಕೆಂದೂ ತಿಳಿಯದೆ ನಿಂತ. "ಗೊತ್ತಿರ್ಲಿಲ್ಲ. ತಪ್ಪಾಯ್ತು," ಅಂದ, ಅತ್ತಿಗೆಗೆ.

ದೋಣಿ ರಿಪೇರಿ ನನ್ನ ಕೆಲಸ. ಹೊಡೆದವಳ ಶೆಡ್ಡಿಗೇ ಅವನು ಬರಬೇಕಾಯಿತು. ಹಾಯಿಕಂಬದ ತುದಿಯ ರಾಟೆ ಸವೆದು, ಹಗ್ಗ ಸಂದಿಗೆ ಜಾರಿ ಕಚ್ಚಿಕೊಂಡಿತ್ತು. ಗಟ್ಟಿ ಮರದ ತುಂಡು ಹುಡುಕಿ ಹೊಸ ರಾಟೆ ಕಡೆಯಲು ಕೂತೆ. ಅವನು ಎದುರಿಗೇ ಕೂತ.

"ರಾಟೆ ನೋಡ್ತಿದೀರಾ, ನನ್ನ ನೋಡ್ತಿದೀರಾ?" ಅಂತ ಕೇಳಿದೆ.

"ರಾಟೆ."

"ರಾಟೆ ನನ್ನ ಕೈಲಿದೆ. ಕಣ್ಣಲ್ಲಿಲ್ಲ."

ಅವನ ಕಿವಿಯವರೆಗೂ ಕೆಂಪೇರಿತು. ನನಗೆ ನಗು ತಡೆಯಲಾಗಲಿಲ್ಲ. ನಕ್ಕ ಮರುಕ್ಷಣವೇ ತಲೆ ತಗ್ಗಿಸಿ ರಾಟೆ ಉಜ್ಜತೊಡಗಿದೆ. ಅಣ್ಣ ಎಲ್ಲಿ ತೇಲುತ್ತಿದ್ದಾನೋ, ನನಗಿಲ್ಲಿ ಹಲ್ಲು ಕಿರಿಯುವ ಚಪಲ! ಟೀ ತಂದ ಅತ್ತಿಗೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು.

"ನಗು, ಪರವಾಗಿಲ್ಲ. ನಿಮ್ಮಣ್ಣ ಇದ್ದಿದ್ರೆ ಈ ಅರೆಹಾಯಿನ ಇಷ್ಟೊತ್ತಿಗೆ ಭಾವ ಅಂತ ಕರೀತಿದ್ದ."

'ಇದ್ದಿದ್ರೆ' ಎಂದ ಬಾಯಿಯನ್ನು ಸೆರಗಿನಿಂದ ಮುಚ್ಚಿಕೊಂಡು ಅವಳು ಒಳಗೆ ಹೋದಳು. ಅರೆಹಾಯಿ ಎಂಬ ಹೆಸರು ಮಾತ್ರ ಅವನಿಗೆ ಅಂಟಿಕೊಂಡಿತು.

ರಾಟೆ ಕೂರಿಸಿದ ಮೇಲೆ ತೋಳು ನೋಯುವವರೆಗೂ ಹಗ್ಗ ಎಳೆದು ಪರೀಕ್ಷಿಸಿದೆ. "ಇನ್ಮೇಲೆ ನೀನೇ ಬೇಡಿಕೊಂಡ್ರೂ ಸಿಕ್ಕಿಕೊಳ್ಳಲ್ಲ," ಅಂದೆ. ಯಾವಾಗ ಏಕವಚನಕ್ಕೆ ಇಳಿದೆನೋ ನನಗೇ ಗೊತ್ತಾಗಲಿಲ್ಲ.

"ನಿಮ್ಮಣ್ಣನ್ನ ಹುಡುಕ್ಕೊಂಡು ಹೋಗ್ತೀನಿ," ಅಂದ ಅವನು. ದೊಡ್ಡ ದೋಣಿಗಳೆಲ್ಲ ಹುಡುಕಿ ಕೈಚೆಲ್ಲಿದ್ದವು. "ಬಂಡೆಗಳ ಮಧ್ಯ ಅವು ಹೋಗಕ್ಕಾಗಲ್ಲ. ನಂದು ಚಿಕ್ಕದು, ಹೋಗತ್ತೆ."

"ನಿನಗ್ಯಾಕೆ? ಏನು ಸಂಬಂಧ?"

"ಆಗ್ಲಿ ಅಂತ ಆಸೆ."

ಹೋಗಬೇಡ ಎನ್ನಲು ಬಾಯಿ ಬರಲಿಲ್ಲ, ಹೋಗು ಎನ್ನಲೂ ಬರಲಿಲ್ಲ. "ಪೂರ್ತಿ ಹಾಯಿ ಏರಿಸ್ಕೊಂಡು ಬಾ. ಆಮೇಲೆ ಕೇಳು, ಹೂಂ ಅಂತೀನಿ."

ಅವನು ಹೋದ ಮೇಲೆ ಮೀನು ಒಣಗಿಸುವ ಕಟ್ಟೆಯ ಮೇಲೆ ಕೂತು ನಾನೂ ಅತ್ತಿಗೆಯೂ ದಿನವೂ ಕಡಲನ್ನೇ ನೋಡಿದೆವು. ಅತ್ತಿಗೆ ಊಟ ಬಿಟ್ಟಿದ್ದಳು. ಕೊನೆಗೊಂದು ಬೆಳಿಗ್ಗೆ ಅವನ ದೋಣಿ ಕಾಣಿಸಿತು. ಹಾಯಿ ಅರ್ಧಕ್ಕಿತ್ತು.

"ನೋಡೇ, ನಿನ್ನ ಅರೆಹಾಯಿ!" ಅತ್ತಿಗೆ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು. "ಮತ್ತೆ ಸಿಕ್ಕಿಸ್ಕೊಂಡಿದಾನೆ ಮಂಕ! ಈ ಸಲ ಕೆನ್ನೆಗೆ ನಾನೇ ಕೊಡ್ತೀನಿ."

ದಡದಲ್ಲಿದ್ದವರೂ ನಕ್ಕರು. ನನಗೆ ನಗು ಬರಲಿಲ್ಲ. ಆ ರಾಟೆ ನನ್ನ ಕೈಯದು, ಅದು ಸಿಕ್ಕಿಕೊಳ್ಳುವುದಿಲ್ಲ. ಆದರೂ ಬಾಯಿ ಬಿಡಲಿಲ್ಲ. ದೋಣಿ ದಡ ಸೇರುವವರೆಗಾದರೂ ಅವಳು ನಗಲಿ ಅನ್ನಿಸಿತು.

"ರಾಟೆ ತಾನೇ?" ಎಂದು ಅತ್ತಿಗೆ ಅವನನ್ನು ಕೇಳಿದಳು.

ಅವನು ಪಕ್ಕಕ್ಕೆ ಸರಿದು ನಿಂತ. ಅವನ ಹಿಂದೆ ಟಾರ್ಪಾಲಿನ ಅಂಚಿನಲ್ಲಿ ಅಣ್ಣನ ಬೂಟುಗಳು ಕಾಣುತ್ತಿದ್ದವು. ಅತ್ತಿಗೆ ಕಲ್ಲಿನ ಮೇಲೆ ಕುಸಿದಳು. ನಾನೂ ಅವಳೊಂದಿಗೆ ಕುಸಿದು ಅವಳನ್ನು ತಬ್ಬಿಕೊಂಡೆ.

ಅವನು ದೋಣಿ ಕಟ್ಟಿ ಬಂದು ನಮ್ಮೆದುರು ನಿಂತ. ಅಂಗೈಗಳ ಚರ್ಮ ಕಿತ್ತುಹೋಗಿತ್ತು.

"ಪೂರ್ತಿ ಏರಿಸ್ಕೊಂಡೇ ಬರೋಣ ಅಂತ ಅನ್ನಿಸ್ತು," ಅಂದ. "ಮನಸ್ಸು ಬರ್ಲಿಲ್ಲ."

ಕೇಳಬೇಕೆಂದಿದ್ದನ್ನು ಅವನು ಕೇಳಲಿಲ್ಲ. ಅತ್ತಿಗೆಯ ತಲೆ ನನ್ನ ಮಡಿಲಲ್ಲಿತ್ತು. ನಾನೇ ಮುಖವೆತ್ತಿ ಹೂಂ ಅಂದೆ.