ಅವನೇ ಬರೆದ ‘ಇಲ್ಲ’

ನವುಲೆ ಹತ್ತಿರ ಸ್ಕೂಟಿಯಿಂದ ಬಿದ್ದು ತೊಡೆಮೂಳೆ ಮುರಿದುಕೊಂಡ ದಿವ್ಯಶ್ರೀಗೆ ನೋವಿಗಿಂತ ನಾಚಿಕೆಯೇ ಹೆಚ್ಚು. ಅವಳು ಮಲಗಿದ್ದ ಶಿವಮೊಗ್ಗದ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲೇ ಜ್ಞಾನೇಶ್ ಕೆಲಸಕ್ಕಿದ್ದ. ಅವರಿಬ್ಬರ ನಿಶ್ಚಿತಾರ್ಥವಾಗಿ ಇಪ್ಪತ್ತು ದಿನ. ಸ್ಯಾಂಪಲ್ ನೆಪದಲ್ಲಿ ಅವನು ಮೂರನೇ ಸಲ ಬಂದಿದ್ದ.

“ಇನ್ನೂ ಎಷ್ಟು ರಕ್ತ ಹೀರ್ತೀರಿ?”

“ಮದುವೆ ಆದ್ಮೇಲೆ ನೀನು ಹೀರೋದು ಇದ್ದೇ ಇದೆಯಲ್ಲ ಮಾರಾಯ್ತಿ, ಅಡ್ವಾನ್ಸ್ ಅನ್ಕೋ.”

ಪಕ್ಕದಲ್ಲಿ ಮೋಸಂಬಿ ಸುಲಿಯುತ್ತಿದ್ದ ಅವನ ತಾಯಿ ಕಾಶಮ್ಮ ನಕ್ಕರು.

ಅವನು ಫಾರಂ ತೆಗೆದ. “ಹಿಂದೆ ರಕ್ತ ಹಾಕಿಸ್ಕೊಂಡಿದ್ರಾ? ಗರ್ಭ ನಿಂತಿತ್ತಾ?” ಮನೆಯವರನ್ನು ಹೊರಗೆ ಕಳಿಸಿ ಕೇಳಬೇಕಾದ ಪ್ರಶ್ನೆ ಅದು. ಓದಿ ತಾನೇ ನಕ್ಕ. “ನಿನ್ನನ್ನೂ ಇದು ಕೇಳ್ಬೇಕಾ!” ಅವಳು ಬಾಯಿ ತೆರೆಯುವ ಮೊದಲೇ ‘ಇಲ್ಲ’ ಎಂದು ಬರೆದುಬಿಟ್ಟ.

ದಿಂಬಿನಡಿಯ ಪರ್ಸಿನಲ್ಲಿ ಒಂದು ಕಾರ್ಡ್ ಇತ್ತು. ನಾಲ್ಕು ವರ್ಷದ ಹಿಂದೆ, ನಂಬಿಸಿ ಕೈಬಿಟ್ಟವನ ಮಗು ಆರು ತಿಂಗಳಿಗೆ ಹೊಟ್ಟೆಯಲ್ಲೇ ತೀರಿಕೊಂಡಾಗ ದಾವಣಗೆರೆಯ ಡಾಕ್ಟರು ಕೊಟ್ಟದ್ದು. ಆ ಬಸಿರಿನಿಂದ ರಕ್ತದಲ್ಲಿ ಅಪರೂಪದ ಆಂಟಿಬಾಡಿ ಹುಟ್ಟಿದೆ ಎಂದು ಅದರಲ್ಲಿ ಬರೆದು, ಎಲ್ಲೇ ರಕ್ತ ಹಾಕುವ ಮೊದಲು ಇದನ್ನು ತೋರಿಸಿ ಎಂದಿದ್ದರು. ದಿವ್ಯಶ್ರೀ ಕಾಶಮ್ಮನ ಮುಖ ನೋಡಿದಳು. ಟೆಸ್ಟಿನಲ್ಲಿ ಹೇಗೂ ಸಿಗುತ್ತದಲ್ಲ ಎಂದುಕೊಂಡು ಸುಮ್ಮನಾದಳು.

ಟೆಸ್ಟಿನಲ್ಲಿ ಏನೂ ಸಿಗಲಿಲ್ಲ. ಆಪರೇಷನ್ನಿಗೆ ಎರಡು ಬಾಟಲಿ ರಕ್ತ ಹಾಕಿದರು. ಏಳನೇ ದಿನ ಅವಳ ಕಣ್ಣು ಹಳದಿಯಾಯಿತು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಕಿಡ್ನಿ ಸೋಲತೊಡಗಿತು. ಓಡಿ ಬಂದ ಜ್ಞಾನೇಶನ ಕೈಗೆ ಅವಳು ಕಾರ್ಡ್ ಇಟ್ಟಳು.

ಅವನು ಅದನ್ನು ಎರಡು ಸಲ ಓದಿದ. “ವರ್ಷ ಕಳೆದ್ರೆ ಆಂಟಿಬಾಡಿ ಟೆಸ್ಟಿಗೂ ಸಿಗದಷ್ಟು ಕಮ್ಮಿ ಆಗತ್ತೆ ಕಣೆ. ಹೊಂದದ ರಕ್ತ ಹೋದ್ರೆ ಮತ್ತೆ ಎದ್ದು ಅದನ್ನೆಲ್ಲ ಒಡೆದು ಹಾಕತ್ತೆ. ಅದಕ್ಕೇ ನಾವು ಕೇಳೋದು.”

“ನೀವು ಕೇಳ್ಲೇ ಇಲ್ವಲ್ಲ.”

ಅವನು ಊರೂರಿಗೆ ಫೋನ್ ಮಾಡಿ ಹೊಂದುವ ರಕ್ತ ತರಿಸಿದ. ಮೂರು ಡಯಾಲಿಸಿಸ್ ಆದಮೇಲೆ ಜೀವ ಉಳಿಯಿತು. ಅಷ್ಟೂ ದಿನ ಅವನು ಅವಳ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಇಂಥವನಿಗೆ ಹೆದರಿದೆನಲ್ಲ ಎಂದು ಅವಳಿಗೆ ಅಳುವೇ ಬಂತು.

ಡಿಸ್ಚಾರ್ಜ್ ದಿನ ಕೇಳಿದಳು: “ಮೊದಲೇ ಗೊತ್ತಿದ್ರೆ ನನ್ನ ಒಪ್ತಿದ್ರಾ?”

ಅವನು ಬಾಗಿಲ ಕಡೆ ನೋಡಿ, ತಾಯಿ ಇಲ್ಲವೆಂದು ಖಚಿತ ಮಾಡಿಕೊಂಡ. “ಒಪ್ತಿದ್ದೆ. ಅಮ್ಮಂಗೆ ಮಾತ್ರ ಗೊತ್ತಾಗೋದು ಬೇಡ. ಕಾರ್ಡ್ ನನ್ ಹತ್ರಾನೇ ಇರ್ಲಿ.”

ಅವಳು ನಿಶ್ಚಿತಾರ್ಥದ ಉಂಗುರ ಕಳಚಿ ಅವನ ಅಂಗೈಯಲ್ಲಿಟ್ಟು, ಅವನ ಜೇಬಿನಲ್ಲಿದ್ದ ಕಾರ್ಡ್ ತೆಗೆದುಕೊಂಡಳು. “ನಿಮ್ಮನ್ನ ಈಗ್ಲೂ ಇಷ್ಟಪಡ್ತೀನಿ. ಆದ್ರೆ ಇದನ್ನ ಮುಚ್ಚಿಟ್ಟು ಇನ್ನೊಂದ್ಸಲ ಸಾಯೋಕಾಗಲ್ಲ.”

ಭದ್ರಾವತಿಯ ನ್ಯೂ ಟೌನಿನಿಂದ ಅಣ್ಣ ಕಾರು ತಂದಿದ್ದ. ಅವಳು ವಾಕರ್ ಹಿಡಿದು ಹೊರಟಾಗ ಕಾರಿಡಾರಿನಲ್ಲಿ ಕಾಶಮ್ಮ ಎದುರಾದರು. “ಕೈಲೇನಮ್ಮ ಅದು?”

ಹಿಂದೆ ಬರುತ್ತಿದ್ದ ಜ್ಞಾನೇಶ್ ನಿಂತುಬಿಟ್ಟ.

“ಓದಿ ಅತ್ತೆ,” ಎಂದು ದಿವ್ಯಶ್ರೀ ಕಾರ್ಡ್ ಚಾಚಿದಳು. “ಓದಿ ವಾಪಸ್ ಕೊಡಿ. ನಂಗೆ ಬೇಕು.”